ಉಪ್ಪಿಲ್ಲದ ನುಚ್ಚು

ಹುಮನಾಬಾದಿನ ನನ್ನ ಗಂಡನ ಮನೆಯಲ್ಲಿ ನಾಯಿಗೆ ಯಾರೂ ಕೈ ಎತ್ತುತ್ತಿರಲಿಲ್ಲ. ಮನೆದೇವರು ಮೈಲಾರ, ನಾಯಿ ಮೈಲಾರನದು. ನಾಯಿಗೆ ಹೊಡೆದ ಕೈಗೆ ಹುಳ ಬೀಳುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಹೆಂಡತಿಗೆ ಹೊಡೆದ ಕೈಗೆ ಏನು ಬೀಳುತ್ತದೆ ಎಂದು ಆ ದೇವರು ಹೇಳಿರಲಿಲ್ಲವಲ್ಲ, ಹಾಗಾಗಿ ನನ್ನ ಗಂಡ ನನಗೆ ಹೊಡೆಯುತ್ತಿದ್ದ. ಹೌದು, 'ಹೊಡೆಯುತ್ತಿದ್ದ' ಎಂದೇ ಬರೆಯುತ್ತೇನೆ. ಬದುಕಿದ್ದಾಗ ಅವರು, ಇವರು, ರೀ ಎಂದು ಬಹುವಚನ ಸಾಕಷ್ಟು ಸುರಿದಿದ್ದೇನೆ. ಸತ್ತ ಮೇಲೂ ಸುರಿಯಲು ನನ್ನ ಹತ್ತಿರ ಉಳಿದಿಲ್ಲ.

ಅವನು ಲಾರಿ ಡ್ರೈವರ್. ಹೈದರಾಬಾದಿನಿಂದ ಸೋಲಾಪುರ, ಸೋಲಾಪುರದಿಂದ ಹೈದರಾಬಾದು. ನಾಲ್ಕು ದಿನ ರಸ್ತೆಯ ಮೇಲೆ, ಎರಡು ದಿನ ಮನೆಯಲ್ಲಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮಲ್ಲಿ ಅದು ಉಣ್ಣಲು ಕೂತಾಗಲೇ ಶುರುವಾಗುತ್ತಿತ್ತು. ರೊಟ್ಟಿ ದಪ್ಪವಾಯಿತು, ಹೊಡೆತ. ರೊಟ್ಟಿ ತೆಳ್ಳಗಾಯಿತು, ಹೊಡೆತ. ಸೊಂಟದ ಬೆಲ್ಟ್ ಬಿಚ್ಚುವಾಗ ಅದರ ಹಿತ್ತಾಳೆಯ ಕೊಕ್ಕೆ ಕಿಣಿ ಎನ್ನುತ್ತಿತ್ತು. ಇವತ್ತಿಗೂ ಯಾರ ಮನೆಯಲ್ಲಾದರೂ ಹಿತ್ತಾಳೆ ಸದ್ದಾದರೆ ನನ್ನ ಬೆನ್ನು ತಾನೇ ಬಾಗುತ್ತದೆ.

ನಾನು ಕಲ್ಯಾಣದವಳು, ಕೋಟೆಯ ಕೆಳಗಿನ ಓಣಿಯವಳು. ನಮ್ಮ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನನ್ನ ಮದುವೆಯಾಯಿತು. ಎರಡನೆಯ ವರ್ಷ ಬಸಿರಾದೆ. ಐದನೆಯ ತಿಂಗಳಲ್ಲಿ ಅವನು ಹೊಟ್ಟೆಗೆ ಒದ್ದ. ಹೋಯಿತು. ಮತ್ತೆ ಆಗಲಿಲ್ಲ. ರಕ್ತ ನಿಂತ ಮೇಲೆ ಬಸ್ಸು ಹತ್ತಿ ತವರಿಗೆ ಹೋದೆ. ಅಪ್ಪ ನನ್ನ ಮಾತೆಲ್ಲ ಕೇಳಿ, ಕಣ್ಣೊರೆಸಿಕೊಂಡು, "ಕೊಟ್ಟ ಹೆಣ್ಣು ಕುಲಕ್ಕ ಹೊರಗವ್ವಾ," ಎಂದು ಮರುದಿನದ ಬಸ್ಸಿಗೆ ಹತ್ತಿಸಿದ. ಅಪ್ಪ ಕೆಟ್ಟವನಲ್ಲ. ಆದರೆ ಆ ಕಣ್ಣೀರಿಗೆ ಬೆಂಕಿ ಹಾಕ ಎಂದು ಬಸ್ಸಿನಲ್ಲಿ ಕೂತು ಶಪಿಸಿದ್ದೆ.

ಅತ್ತೆ ಹೊಡೆಯುವವಳಲ್ಲ, ಬಿಡಿಸುವವಳೂ ಅಲ್ಲ. ಬೆಲ್ಟಿನ ಸದ್ದು ಬರುವಾಗ ಮೂಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಸದ್ದು ನಿಂತ ಮೇಲೆ ಅರಿಶಿನ, ಎಣ್ಣೆ ತಂದು ನನ್ನ ಪಕ್ಕ ಇಡುತ್ತಿದ್ದಳು, ಅಷ್ಟೇ. ಅವಳ ಅಪ್ಪ ವಗ್ಗಯ್ಯನ ದೀಕ್ಷೆ ತೊಟ್ಟವನಂತೆ. ವಗ್ಗಯ್ಯ ಎಂದರೆ ತಾನೇ ಮೈಲಾರನ ನಾಯಿ ಎಂದು ನಂಬಿದವನು. ಜಾತ್ರೆಯಲ್ಲಿ ಬೊಗಳುತ್ತಾನೆ, ಕೈ ಮುಟ್ಟಿಸದೆ ಬಟ್ಟಲಿಗೇ ಬಾಯಿ ಹಚ್ಚಿ ಉಣ್ಣುತ್ತಾನೆ, ದೊಡ್ಡ ದೊಡ್ಡ ಗೌಡರು ಅವನ ಕಾಲಿಗೆ ಬೀಳುತ್ತಾರೆ. ಅಪ್ಪನ ಈ ಕಥೆಯನ್ನು ಅತ್ತೆ ಸಾವಿರ ಸಲ ಹೇಳಿದ್ದಳು.

ಒಂದು ದಿನ ಗಂಡ ಹೈದರಾಬಾದಿನಿಂದ ಒಂದು ರಟ್ಟಿನ ಡಬ್ಬಿ ತಂದ. ಒಳಗೆ ಬೆಕ್ಕಿನಷ್ಟು ಗಾತ್ರದ ಬಿಳಿ ನಾಯಿಮರಿ, ಮೈತುಂಬ ಕೂದಲು. ಲಾರಿ ಮಾಲೀಕನ ಮನೆಯವರು ಊರು ಬಿಡುವಾಗ ಕೊಟ್ಟದ್ದಂತೆ. ಓಣಿಯವರು ಬಂದು ಮೊಲವೋ ನಾಯಿಯೋ ಎಂದು ಎತ್ತಿ ನೋಡಿ ನಕ್ಕು ಹೋದರು. ಅದಕ್ಕೆ ಹೆಸರು ಇಡಲಿಲ್ಲ. ಬಾ ಎಂದರೆ ಬರುತ್ತಿತ್ತು.

ನಮ್ಮಲ್ಲಿ ಹಂಚಿನ ಕಡೆಯ ರೊಟ್ಟಿ ನಾಯಿಯ ಪಾಲು. ಅದನ್ನು ಖಾರದ ಸಾರಿನಲ್ಲಿ ಅದ್ದಿ ಹಾಕಿದೆ. ಓಣಿಯ ನಾಯಿಗಳೆಲ್ಲ ತಿಂದು ಬೆಳೆದದ್ದು ಅದನ್ನೇ. ಈ ಮರಿ ಮೂರೇ ದಿನಕ್ಕೆ ರಕ್ತ ಕಾರಿ ಕೈಕಾಲು ಚೆಲ್ಲಿತು. ಸೆರಗಿನಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ಓಡಿದೆ. ಕಂಪೌಂಡರ್ ವಯಸ್ಸಾದ ಸಾಹೇಬ. ಮರಿಯ ಹೊಟ್ಟೆ ಒತ್ತಿ ನೋಡಿ ನನಗೇ ಬೈದ.

"ಏನಮ್ಮಾ, ಇದು ಎತ್ತು ಅಂದ್ಕೊಂಡಿಯೇನು? ಇದರ ಹೊಟ್ಟಿ ನನ್ನ ಮುಷ್ಟಿಯಷ್ಟ ಅದ. ಖಾರ ಬ್ಯಾಡ, ಉಪ್ಪು ಬ್ಯಾಡ, ಉಳ್ಳಾಗಡ್ಡಿ ಅಂತೂ ಜಹರ್, ವಿಷ. ಮೆತ್ತಗ ಕುದಿಸಿ, ಆರಿಸಿ, ದಿನಕ್ಕ ಮೂರು ಸಲ ಜರಾ ಜರಾ ಕೊಡು."

ಹೀಗೆ ನಾನು ನಾಯಿಗೆ ಬೇರೆ ಅಡುಗೆ ಮಾಡಲು ಕಲಿತೆ. ಜೋಳದ ನುಚ್ಚು ನೆನೆಸಿ, ಬೆರಳಲ್ಲಿ ಒತ್ತಿದರೆ ಕರಗುವ ಹಾಗೆ ಕುದಿಸುವುದು. ಅದಕ್ಕೆ ಕುಂಬಳಕಾಯಿ ಕಿವುಚಿ ಹಾಕುವುದು. ವಾರಕ್ಕೆರಡು ಸಲ ಮಟನ್ ಅಂಗಡಿಯಿಂದ ಕಲೇಜಿಯ ಚೂರು ತಂದು ಬೇಯಿಸಿ, ಸಣ್ಣಗೆ ಕೊಚ್ಚಿ ಕಲಸುವುದು. ಬಟ್ಟಲಿಗೆ ಹಾಕಿದರೆ ಅದು ಮೂಸಿ ಸುಮ್ಮನಿರುತ್ತಿತ್ತು, ಅದಕ್ಕೆ ನಾನೇ ಬೆರಳ ತುದಿಯಿಂದ ತಿನ್ನಿಸುತ್ತಿದ್ದೆ. ಮಗುವಿಗೆ ಉಣಿಸುವ ಕೈ ಸುಮ್ಮನಿತ್ತಲ್ಲ, ಅದಕ್ಕೊಂದು ಕೆಲಸ ಸಿಕ್ಕಿತು.

ಗಂಡನಿಗೆ ಇದು ಹೊಟ್ಟೆಯುರಿ. ಒಂದು ಮಧ್ಯಾಹ್ನ ನಾಯಿಯ ನುಚ್ಚು ಆರಿಸುತ್ತಾ ಕೂತು ಅವನ ರೊಟ್ಟಿ ತಡವಾಯಿತು. ಬಿಸಿ ಹಂಚಿಗೆ ನನ್ನ ಅಂಗೈ ಒತ್ತಿ ಹಿಡಿದ. ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಚರ್ಮ ಸುಟ್ಟ ವಾಸನೆಗೆ ನಾಯಿ ಮಂಚದ ಕೆಳಗೆ ಹೊಕ್ಕು ಉಚ್ಚೆ ಹೊಯ್ದುಕೊಂಡಿತು.

ಅಂಗೈಯ ಗಾಯ ಮಾಯುವ ಮೊದಲೇ ಚಂಪಾಷಷ್ಠಿ ಬಂತು. ಮೈಲಾರನ ಒಕ್ಕಲಿಗೆ ಅದು ದೊಡ್ಡ ದಿನ. ಬೆಳಗಿನಿಂದ ಉಪವಾಸ. ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿಯ ಭರೀತ ದೇವರಿಗೆ ಎಡೆ. ಆ ಎಡೆಯನ್ನು ಮೊದಲು ಮನೆಯ ನಾಯಿ ತಿನ್ನಬೇಕು, ಆಮೇಲೆ ಮನುಷ್ಯರು. ಹೊರಗಿನ ನಾಯಿ ನಡೆಯದು, ಅದೇ ಮನೆಯ ಅನ್ನ ತಿಂದ ನಾಯಿಯೇ ಆಗಬೇಕು. ನಾಯಿ ಮುಟ್ಟದಿದ್ದರೆ ಆ ವರ್ಷ ಮನೆಯ ಗಂಡಸಿಗೆ ಕಂಟಕ. ಮೊದಲಿದ್ದ ಮುದಿ ನಾಯಿ ಆ ಮಳೆಗಾಲದಲ್ಲಿ ಸತ್ತಿತ್ತು. ಇದ್ದದ್ದು ಈ ಬಿಳಿಯದೊಂದೇ.

ಗಂಡ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ, ಬಳಿದುಕೊಂಡು ಎಡೆಯ ತಟ್ಟೆಯನ್ನು ನಾಯಿಯ ಮುಂದಿಟ್ಟ. ಭರೀತದಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಎಲ್ಲ ಇತ್ತು. ನಾಯಿ ಒಮ್ಮೆ ಮೂಸಿತು, ಸೀನಿತು, ತಿರುಗಿ ನನ್ನ ಸೀರೆಯ ಹಿಂದೆ ಬಂದು ಕೂತಿತು. ಎಳೆದು ತಂದು ಕೂರಿಸಿದ. ಮತ್ತೆ ಬಂತು. ಮೂರನೆಯ ಸಲಕ್ಕೆ ಅವನ ಮುಖ ಕಪ್ಪಿಟ್ಟಿತು. ನಾಯಿಗೆ ಹೊಡೆಯುವಂತಿಲ್ಲವಲ್ಲ, ನನಗೆ ಹೊಡೆದ.

"ಪಥ್ಯಾ ಮಾಡಿ ಹಾಕಿ ನಾಯಿ ಕೆಡಿಸಿಬಿಟ್ಟಿ, ರಂಡೆ! ನಾ ಸಾಯ್ಲಿ ಅಂತ ಮಾಡೀಯೇನು?"

ತುಟಿ ಒಡೆದು ರಕ್ತ ಸೆರಗಿಗೆ ಇಳಿಯಿತು. ಅತ್ತೆ ಮೊದಲ ಬಾರಿಗೆ ಎದ್ದು ಬಂದಳು, ನನಗಾಗಿ ಅಲ್ಲ, ಮಗನ ಕಂಟಕಕ್ಕೆ ಹೆದರಿ. "ಏನಾರ ಮಾಡ ಯವ್ವಾ, ನಿನ್ನ ಕೈಲೆ ತಿಂತದ ಅದು," ಎಂದು ಗದ್ದ ಹಿಡಿದಳು.

ನನಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಎಲ್ಲಿಂದ ಬಂತೋ ಧೈರ್ಯ, ಗೊತ್ತಿಲ್ಲ. ಉಪವಾಸದ ಹೊಟ್ಟೆಯ ಸಿಟ್ಟಿರಬೇಕು.

"ತಿನ್ನಿಸ್ತೀನ್ರಿ ಅತ್ತಿ. ಮೊದಲ ಇವರು ಭಂಡಾರ ಹಿಡದು ಆಣಿ ಮಾಡ್ಲಿ, ಇನ್ನ ನನ್ನ ಮೈಮ್ಯಾಲ ಕೈ ಮಾಡಂಗಿಲ್ಲ ಅಂತ. ಇಲ್ಲಂದ್ರ ಎಲ್ಲಾರೂ ಉಪಾಸ ಸಾಯೋಣು."

ಅವನು ಬೈದ, ಉಗುಳಿದ, ಬಾಗಿಲ ತನಕ ಹೋಗಿ ಬಂದ. ಹೊತ್ತು ಇಳಿಯುತ್ತಿತ್ತು. ಕೊನೆಗೆ ಭಂಡಾರದ ಬಟ್ಟಲಿಗೆ ಕೈ ಹಾಕಿದ. ಲಾರಿಯವನಲ್ಲವೇ, ಆಣೆಯಲ್ಲೂ ಚೌಕಾಶಿ. "ಈ ನಾಯಿ ಜೀವಂತ ಇರೋ ತನಕ ನಿನಗ ಮುಟ್ಟಂಗಿಲ್ಲ. ಅದರ ಮ್ಯಾಲಿಂದು ನಾ ಹೇಳಂಗಿಲ್ಲ," ಎಂದ. ನಾನು ಒಪ್ಪಿದೆ. ಎಡೆಯ ಸಜ್ಜೆ ರೊಟ್ಟಿಯ ಚೂರನ್ನು ನುಚ್ಚಿನಲ್ಲಿ ಕಿವುಚಿ, ಸುಟ್ಟ ಕೈಯಿಂದ ತಿನ್ನಿಸಿದೆ. ನಾಯಿ ನನ್ನ ಬೆರಳೂ ನೆಕ್ಕಿತು.

ಮರುದಿನವೇ ಕಂಪೌಂಡರನ ಹತ್ತಿರ ಹೋಗಿ ಇಂಥ ನಾಯಿ ಎಷ್ಟು ವರ್ಷ ಬದುಕುತ್ತದೆ ಎಂದು ಕೇಳಿದೆ. "ಹತ್ತು, ಹನ್ನೆರಡು. ನಸೀಬ ಇದ್ರ ಹದಿನಾಲ್ಕು," ಎಂದ. ಬೆರಳು ಮಡಚಿ ವರ್ಷ ಎಣಿಸುತ್ತಾ ಮನೆಗೆ ಬಂದೆ.

ಅಂದಿನಿಂದ ನಾನು ಬೇಯಿಸಿದ್ದು ನಾಯಿಯ ನುಚ್ಚನ್ನಲ್ಲ, ನನ್ನ ಬೆನ್ನನ್ನು, ನನ್ನ ಹಲ್ಲನ್ನು. ಒಂದು ದಿನ ಅದು ಅರ್ಧಕ್ಕೆ ಬಿಟ್ಟರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಬೇಸಿಗೆಗೆ ಮಜ್ಜಿಗೆ ಕಲಸಿದ ನುಚ್ಚು, ಚಳಿಗೆ ತತ್ತಿ, ಭೇದಿಯಾದರೆ ಬರೀ ಗಂಜಿಯ ತಿಳಿ. ಓಣಿಯ ಹೆಂಗಸರು, "ಎಲ್ಲಾರೂ ದೇವರಿಗೆ ನಡಕೊಂತಾರ, ಈಕಿ ನಾಯಿಗೆ ನಡಕೊಂತಾಳ," ಎಂದು ಕಿಸಕ್ಕನೆ ನಗುತ್ತಿದ್ದರು. ನಗಲಿ. ಅವರ ಗಂಡಂದಿರು ಅವರಿಗೆ ಹೊಡೆಯುವ ಸದ್ದು ನನಗೂ ಕೇಳುತ್ತಿತ್ತು.

ಅವನು ಆಣೆ ಮುರಿಯಲಿಲ್ಲ. ಆದರೆ ದೇವರ ನಾಯಿಗೆ ಕೈ ಎತ್ತಬಾರದು ಎಂದಿದೆಯೇ ಹೊರತು ರಸ್ತೆಯ ಕಡೆಯ ಬಾಗಿಲು ತೆಗೆದಿಡಬಾರದು ಎಂದಿಲ್ಲ. ಎಷ್ಟು ಸಲ ಲಾರಿಯ ಗಾಲಿಯ ಮುಂದಿನಿಂದ ಎತ್ತಿ ತಂದಿದ್ದೇನೋ! ಒಮ್ಮೆ ಕೋಳಿಯ ಎಲುಬು ಎಸೆದ. ಸೀಳಿ ಗಂಟಲಿಗೆ ಸಿಕ್ಕಿಕೊಂಡಿತು. ನಾಯಿಯ ಕಣ್ಣು ಮೇಲಾದವು, ನಾಲಿಗೆ ನೀಲಿಯಾಯಿತು. ನಾನು ಎರಡು ಬೆರಳು ಗಂಟಲಿಗೆ ತುರುಕಿದೆ. ಅದು ಪ್ರಾಣಸಂಕಟಕ್ಕೆ ನನ್ನ ಹೆಬ್ಬೆರಳ ಬುಡ ಕಚ್ಚಿ ಹಿಡಿಯಿತು, ಹಲ್ಲು ಎಲುಬಿಗೆ ತಾಗಿತು. ನಾನೂ ಬಿಡಲಿಲ್ಲ, ಅದೂ ಬಿಡಲಿಲ್ಲ. ಎಲುಬು ಹೊರಗೆ ಬಂದಾಗ ಅದರ ಬಾಯಿತುಂಬ ನನ್ನ ರಕ್ತ. ಗಂಡ ಹೊಸ್ತಿಲಲ್ಲಿ ನಿಂತು ಬೀಡಿ ಸೇದುತ್ತಾ ನೋಡುತ್ತಿದ್ದ.

ಹದಿಮೂರನೆಯ ವರ್ಷಕ್ಕೆ ಅದಕ್ಕೆ ಒಂದೂ ಹಲ್ಲಿರಲಿಲ್ಲ. ನುಚ್ಚನ್ನು ಬಟ್ಟೆಯಲ್ಲಿ ಸೋಸಿ ಕುಡಿಸುತ್ತಿದ್ದೆ. ಅವನು ಲಾರಿ ತೆಗೆದುಕೊಂಡು ಹೋಗಿದ್ದಾಗ ಒಂದು ಬೆಳಿಗ್ಗೆ ನನ್ನ ತೊಡೆಯ ಮೇಲೆಯೇ ಸತ್ತಿತು. ಹಿತ್ತಲ ಬೇವಿನ ಕೆಳಗೆ ಕುಣಿ ತೋಡಿ ಹೂತು ಅಳುತ್ತಾ ಕೂತೆ. ಆ ಮೂಕ ಪ್ರಾಣಿಗಾಗಿಯೂ ಅತ್ತೆ, ನನಗಾಗಿಯೂ ಅತ್ತೆ, ಯಾವುದು ಎಷ್ಟು ಎಂದು ಕೇಳಬೇಡಿ. ಆದರೂ ಮೂರನೆಯ ದಿನ ಕೈ ತನ್ನಷ್ಟಕ್ಕೆ ನುಚ್ಚು ಕುದಿಸಿ ಇಟ್ಟಿತ್ತು.

ಅವತ್ತು ಮಧ್ಯಾಹ್ನ ಅವನು ಬಂದ. ಮೂಲೆ ನೋಡಿದ. "ಹೋತೇನು?" ಎಂದ. "ಹೂಂ," ಎಂದೆ. ಚಪ್ಪಲಿ ಬಿಟ್ಟ. ಕೈಕಾಲು ತೊಳೆದ. ಟವೆಲಿನಿಂದ ಬೆರಳು ಬೆರಳೂ ಒರೆಸಿದ. ಆಮೇಲೆ ಬೆಲ್ಟಿನ ಕೊಕ್ಕೆ ಕಿಣಿ ಎಂದಿತು. ಅವನು ಒಂದು ದಿನವೂ ಮರೆತಿರಲಿಲ್ಲ. ಮೊದಲ ಏಟಿಗೆ ಕಿವಿ ಹರಿಯಿತು, ಎರಡನೆಯದಕ್ಕೆ ಒಲೆಯ ಪಕ್ಕ ಬಿದ್ದೆ.

ಆಗ ಅತ್ತೆ ಮಂಚದಿಂದ ಇಳಿದಳು. ಕಣ್ಣು ಪೊರೆಗಟ್ಟಿತ್ತು, ಬಾಯಲ್ಲಿ ಹಲ್ಲಿರಲಿಲ್ಲ. ಮೊಣಕಾಲ ಮೇಲೆ ತೆವಳಿಕೊಂಡು ಬಂದು, ನಾಯಿಯ ಅಲ್ಯೂಮಿನಿಯಂ ಬಟ್ಟಲು ತಡವಿ ಹಿಡಿದು, ಪಾತ್ರೆಯ ನುಚ್ಚನ್ನು ಅದಕ್ಕೆ ಸುರಿದು, ಕೈ ಹಿಂದೆ ಕಟ್ಟಿ ಬಾಯಿ ಹಚ್ಚಿದಳು. ಎರಡು ತುತ್ತು ನುಂಗಿ ಮುಖ ಎತ್ತಿ ಬೊಗಳಿದಳು. ಅಪ್ಪನಿಂದ ಕಲಿತದ್ದಿರಬೇಕು.

"ಮೈಲಾರನ ನಾಯಿ ಇನ್ನೂ ಸತ್ತಿಲ್ಲೋ. ನಾ ಅದೀನಿ. ನಾ ಇರೋ ತನಕ ನಿನ್ನ ಆಣಿ ಅದ. ಹೊಡಿ ನೋಡೂಣು."

ಅವನ ಕೈ ಗಾಳಿಯಲ್ಲೇ ನಿಂತಿತು. ಬೆಲ್ಟ್ ಎಸೆದು ಹೊರಗೆ ಹೋದ. ನಾನು ಅತ್ತೆಯ ಗದ್ದದ ನುಚ್ಚು ಒರೆಸುತ್ತಾ, "ಇಷ್ಟು ವರ್ಷ ಎಲ್ಲಿ ಸತ್ತಿದ್ರಿ ಅತ್ತಿ?" ಎಂದು ಕೇಳಿಯೇಬಿಟ್ಟೆ.

"ನಾನೂ ಇದೇ ಮೂಲ್ಯಾಗ ಹೊಡಿಸಿಕೊಂಡಾಕಿ," ಎಂದಳು. "ಹೆಂಗಸಿನ ಬಾಯಿಗೆ ಯಾವ ಕಿಮ್ಮತ್ತು ಅದ ಈ ಮನ್ಯಾಗ? ನಾಯಿ ಬೊಗಳಿದ್ರ ಕೇಳ್ತಾರ."

ಮುಂದೆ ಎಂಟು ವರ್ಷ ಅದೇ ಒಲೆ, ಅದೇ ನುಚ್ಚು, ಅದೇ ಕುಂಬಳಕಾಯಿ, ಆದರೆ ಅತ್ತೆಗೆ. "ಚಿಟಿಕಿ ಉಪ್ಪು ಹಾಕ ಹುಡುಗಿ, ನಾ ಏನು ಖರೇ ನಾಯಿ ಅಲ್ಲ," ಎಂದು ಗೊಣಗುತ್ತಿದ್ದಳು. ನಾನೂ ನಗುತ್ತಿದ್ದೆ, ಅವಳೂ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ನನಗೆ ತಿಳಿದ ಮಟ್ಟಿಗೆ ಆ ಮನೆಯಲ್ಲಿ ನಾವಿಬ್ಬರು ನಕ್ಕದ್ದು ಆಗಲೇ.

ಅವಳನ್ನು ಮಣ್ಣು ಮಾಡಿ ಬಂದ ದಿನ ಅವನು ಬಚ್ಚಲಿಗೆ ಹೋಗಿ ಕೈಕಾಲು ತೊಳೆದ. ಟವೆಲಿನಿಂದ ಬೆರಳು ಒರೆಸತೊಡಗಿದ. ಐವತ್ತು ದಾಟಿದ ಮನುಷ್ಯ, ತಾಯಿಯ ಕುಣಿಯ ಮಣ್ಣು ಇನ್ನೂ ಉಗುರಲ್ಲಿತ್ತು. ನಾನು ಆ ಬಟ್ಟಲನ್ನು ತಂದು ಅವನ ಮುಂದೆಯೇ ಕೂತೆ. ಬಾಯಿ ಹಚ್ಚಿದೆ, ಮುಖ ಎತ್ತಿದೆ, ಬೊಗಳಿದೆ.

ಅವನು ನಕ್ಕ. "ಬೊಗಳೋ ನಾಯಿ ಕಚ್ಚಂಗಿಲ್ಲ," ಎಂದು ಕೈ ಎತ್ತಿದ.

ಕಚ್ಚಿದೆ. ಹೆಬ್ಬೆರಳ ಬುಡಕ್ಕೆ, ಹಲ್ಲು ಎಲುಬಿಗೆ ತಾಗುವ ತನಕ. ಅವನು ಇನ್ನೊಂದು ಕೈಯಿಂದ ತಲೆಗೆ ಗುದ್ದಿದ, ಕೂದಲು ಕಿತ್ತ, ಕೊನೆಗೆ ಯವ್ವಾ ಎಂದು ಕಿರುಚಿ ಕುಸಿದು ಕೂತ. ಆಮೇಲೆ ಬಿಟ್ಟೆ.

ಗಾಯ ಬಾತು ಸರಕಾರಿ ದವಾಖಾನೆಗೆ ಹೋಗಬೇಕಾಯಿತು. ಹೆಂಡತಿ ಕಚ್ಚಿದಳು ಎಂದು ಹೇಳಲು ಮರ್ಯಾದೆ ಬಿಡಲಿಲ್ಲ, ನಾಯಿ ಕಚ್ಚಿತು ಎಂದ. ನಾಯಿ ಎಲ್ಲಿ ಎಂದು ಕೇಳಿದ್ದಕ್ಕೆ, ಓಡಿಹೋಯಿತು ಎಂದ. ಸರಿ, ಹುಚ್ಚುನಾಯಿಯೇ ಇದ್ದೀತೆಂದು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಬರೆದರು. ದಿನಾ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಬಂದು ಮಂಚದ ಮೇಲೆ ಮುದುಡಿ ಮಲಗುತ್ತಿದ್ದ. ನಾನು ಖಾರವಿಲ್ಲದೆ, ಉಪ್ಪಿಲ್ಲದೆ ನುಚ್ಚು ಕುದಿಸಿ, ಆರಿಸಿ, ಅದೇ ಬಟ್ಟಲಲ್ಲಿ ಅವನ ಮುಂದಿಡುತ್ತಿದ್ದೆ. ಹದಿನಾಲ್ಕು ದಿನವೂ ತಲೆ ಎತ್ತದೆ ಉಂಡ.