ನಗು ಬರುವ ಜಾಗ

ಮೊನ್ನೆ ಗ್ಯಾರೇಜು ಗುಡಿಸುವಾಗ ನಿಮ್ಮಲ್ಲಿ ಚಿಕ್ಕವನು ಒಂದು ವಿಡಿಯೋ ಕ್ಯಾಸೆಟ್ ಎತ್ತಿ ತಂದ. ರೀಲು ಸುಕ್ಕುಗಟ್ಟಿ ಹೊರಗೆ ಜೋತಾಡುತ್ತಿತ್ತು. "ಅಜ್ಜಿ, ಇಟ್ಸ್ ಬ್ರೋಕನ್. ಥ್ರೋ ಮಾಡ್ಲಾ?" ಎಂದ. ನಾನು ಕಸಿದುಕೊಂಡೆ. ಮಗು ಬೆದರಿತು. ಯಾಕೆಂದು ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಡಾಟ್‌ಕಾಮ್ ಕಂಪನಿಗಳ ಕಾಲ ಅದು. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಅಪಾರ್ಟ್‌ಮೆಂಟಿನಿಂದ ಬೆಳಗ್ಗೆ ಕಾರುಗಳೆಲ್ಲ ಕೆಲಸಕ್ಕೆಂದು ಫ್ರೀವೇ ಕಡೆ ಹೋದ ಮೇಲೆ ಉಳಿಯುತ್ತಿದ್ದವರು ನಾನು, ನಿಮ್ಮ ತಾತ, ತೊಟ್ಟಿಲಲ್ಲಿದ್ದ ನಿಮ್ಮ ದೊಡ್ಡಕ್ಕ, ಮತ್ತೆ ಪಕ್ಕದ ಮನೆಯ ಮಂಗಳೂರಿನ ದಂಪತಿ. ನಾನು ಅವರನ್ನು ಅಕ್ಕ, ಭಾವ ಎನ್ನುತ್ತಿದ್ದೆ. ಭಾವನಿಗೆ ಮರೆವಿನ ಕಾಯಿಲೆ. ಉಂಡದ್ದು ಮರೆಯುತ್ತಿದ್ದರು, ಮಗಳ ಹೆಸರು ಮರೆಯುತ್ತಿದ್ದರು...

ಮದುವೆಯಾದ ಹೊಸತರಲ್ಲಿ ಅಕ್ಕನ ಜೊತೆ ನೋಡಿದ ಒಂದು ಕಪ್ಪುಬಿಳುಪು ಹಾಲಿವುಡ್ ನಗೆಚಿತ್ರ ಮಾತ್ರ ಮರೆತಿರಲಿಲ್ಲ. ಮಧ್ಯಾಹ್ನ ಅಕ್ಕ ಅದರ ಕ್ಯಾಸೆಟ್ ಹಾಕುತ್ತಿದ್ದರು. ನಾಯಕ ಬಾಗಿಲು ತೆರೆದರೆ ಆಚೆ ನಾಯಕಿ ಅವನದೇ ಟೋಪಿ ಹಾಕಿಕೊಂಡು ನಿಂತಿರುತ್ತಾಳೆ. ಅವನು ಬಾಗಿಲಿಗೆ ಕೈ ಹಾಕುವ ಮೊದಲೇ ಭಾವ ನಗುತ್ತಿದ್ದರು. ಇಂಗ್ಲಿಷ್ ಬಾರದ ನಾನು ಅವರನ್ನು ನೋಡಿ ಸೆರಗು ಬಾಯಿಗಿಟ್ಟು ನಗುತ್ತಿದ್ದೆ.

"ಇವರಿಗೆ ಎಂತದೂ ನೆನಪಿಲ್ಲ ಮಾರಾಯ್ತಿ, ನಗಾಡುವ ಜಾಗ ಮಾತ್ರ ಸರೀ ಗೊತ್ತುಂಟು," ಎನ್ನುತ್ತಿದ್ದರು ಅಕ್ಕ.

ನಗುವಾಗ ಭಾವ ಅಕ್ಕನ ಕೈ ಹಿಡಿಯುತ್ತಿದ್ದರು. ಸಿನಿಮಾ ಮುಗಿಯುವವರೆಗೆ ಅವರಿಗೆ ಹೆಂಡತಿಯ ಗುರುತು ಇರುತ್ತಿತ್ತು. ಅಕ್ಕ ಬೆಳಗಿನಿಂದ ಕಾಯುತ್ತಿದ್ದುದು ಅದಕ್ಕೇ.

ಒಂದು ದಿನ ವಿಸಿಆರ್ ಯಂತ್ರ ಆ ಕ್ಯಾಸೆಟ್ಟಿನ ರೀಲನ್ನು ನುಂಗಿ ಹಾಳುಮಾಡಿತು. ನಿಮ್ಮ ತಾತ ಲೈಬ್ರರಿಗೆ ಹೋಗಿ ಅದೇ ಹೆಸರಿನ ಕ್ಯಾಸೆಟ್ಟನ್ನು ಗೆದ್ದವರ ಹಾಗೆ ತಂದರು. ಆ ಕಥೆಯನ್ನು ಎರಡು ಸಲ ಸಿನಿಮಾ ಮಾಡಿದ್ದಾರೆಂದು ನಮಗೆ ಗೊತ್ತಿರಲಿಲ್ಲ. ತಾತ ತಂದದ್ದು ಮೊದಲನೆಯದು. ಭಾವನದು ಅದನ್ನೇ ಬೇರೆ ನಟರನ್ನಿಟ್ಟು ಮತ್ತೆ ತೆಗೆದದ್ದು.

ಬಾಗಿಲು ಬಂತು. ಭಾವ ಮೊದಲೇ ನಕ್ಕರು, ಅಕ್ಕನ ಕೈ ಹಿಡಿದರು. ಬಾಗಿಲು ತೆರೆಯಿತು. ಟೋಪಿ ಹಾಕಿಕೊಂಡು ಯಾರೋ ಬೇರೆ ಹೆಂಗಸು ನಿಂತಿದ್ದಳು.

"ಇವಳು ಯಾರು? ಅವಳೆಲ್ಲಿ?" ಎಂದರು. ಆಮೇಲೆ ತಾವು ಹಿಡಿದಿದ್ದ ಕೈಯನ್ನು ನೋಡಿದರು. ಅಕ್ಕನ ಮುಖ ನೋಡಿದರು. "ನೀವು ಯಾರು?"

ಕೈ ಬಿಟ್ಟರು...

ನಿಮ್ಮ ತಾತ ತಲೆ ತಗ್ಗಿಸಿ ನಿಂತುಬಿಟ್ಟರು. ಅಕ್ಕನೇ ಅವರಿಗೆ ಸಮಾಧಾನ ಹೇಳಿದರು. "ಎಂತ ಮಾಡುವುದು ಮಾರಾಯ್ರೆ, ಕಥೆ ಅದೇ. ಹೀರೋಯಿನ್ ಮಾತ್ರ ಹೊಸಬಳು."

ಆಮೇಲೆ ನಿಮ್ಮ ಅಮ್ಮ ಸರಿಯಾದ ಕ್ಯಾಸೆಟ್ಟನ್ನೇ ಹುಡುಕಿ ತಂದಳು. ಭಾವ ಸುಮ್ಮನೆ ನೋಡಿದರು. ಬಾಗಿಲು ತೆರೆಯಿತು, ಮುಚ್ಚಿತು. ನಗಲಿಲ್ಲ. ಅಂದಿನಿಂದ ಅಕ್ಕ ದಿನಾ ಬೆಳಗ್ಗೆ ಅವರಿಗೆ ಕಾಫಿ ಕೊಟ್ಟು, ಹೊಸಬರಿಗೆ ಹೇಳುವ ಹಾಗೆ ತಮ್ಮ ಹೆಸರು ಹೇಳುತ್ತಿದ್ದರು.

ಭಾವ ಹೋದ ಮೇಲೆ ಅಕ್ಕ ಬೇರೆ ರಾಜ್ಯದಲ್ಲಿದ್ದ ಮಗಳ ಮನೆಗೆ ಹೊರಟರು. ಹಾಳಾದ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು, "ಇವರು ನಗಾಡಿದ್ದು ಇದಕ್ಕೆ. ಇಟ್ಟುಕೋ," ಎಂದರು. ಈಗ ಅಕ್ಕನೂ ಇಲ್ಲ, ನಿಮ್ಮ ತಾತನೂ ಇಲ್ಲ.

ರೀಲನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಸುತ್ತಿ ಇಟ್ಟಿದ್ದೇನೆ, ಎಸೆಯಬೇಡಿ. ಅದರ ಕಥೆ ಕೇಳಿದರೆ ನನಗೆ ಹೇಳಲು ಬಾರದು. ನಗು ಬರುವ ಜಾಗ ಮಾತ್ರ ಗೊತ್ತು. ಆದರೆ ನನಗೆ ನಗು ಬರಬೇಕಾದರೆ, ಪಕ್ಕದಲ್ಲಿ ಮೊದಲು ಯಾರಾದರೂ ನಗಬೇಕು...