ಬಣ್ಣದ ಬಸ್ಸಿನಲ್ಲಿ ಅತ್ತಿಗೆ

ಕೈಗೆತ್ತಿಕೊಂಡ ಕೆಲಸ ಮುಗಿಸದೆ ಏಳುವ ಪೈಕಿಯಲ್ಲ ನಮ್ಮ ಅತ್ತಿಗೆ. ಪೇಟೆ ಬೀದಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಗೂಡಿನಂಥ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಕೂತು ಊರವರ ಹರಿದ ಬಟ್ಟೆ ಹೊಲಿದಳು. ನನ್ನ ಮದುವೆಯ ದಿನವೂ ಯಾರದೋ ಕೋಟಿನ ಜೇಬು ಮುಗಿಸಿಯೇ ಬಂದದ್ದು. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಕಟ್ಟಡ ಕೆಡವುತ್ತಾರೆಂದು ಹೋದ ವರ್ಷ ಅಂಗಡಿ ಮುಚ್ಚಬೇಕಾಯಿತು. ಅಂದಿನಿಂದ ಅಡುಗೆಮನೆ ಕಿಟಕಿಯ ಪಕ್ಕದ ಸ್ಟೂಲೇ ಅವಳ ಪ್ರಪಂಚ. ಮನೆಯಲ್ಲಿ ಹೊಲಿಯಲು ಏನೂ ಉಳಿದಿರಲಿಲ್ಲ. ಅಣ್ಣನ ಒಂದೇ ಬನಿಯನ್ನಿಗೆ ಮೂರು ಸಲ ತೇಪೆ ಬಿದ್ದಿತ್ತು.

"ಮಾತೇ ಆಡಲ್ಲ ಕಣೇ. ಏನಾದ್ರೂ ಮಾಡು" ಎಂದು ಒಂದು ದಿನ ಅಣ್ಣ ನನ್ನೆದುರು ಕಣ್ಣೀರು ಹಾಕಿದ. ಅಣ್ಣ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನಿಜಕ್ಕೂ ಹೆದರಿಕೆಯಾಯಿತು.

ನಗರಸಭೆಯದೊಂದು ಬಸ್ಸಿದೆ. ತಿಂಗಳಿಗೊಂದು ಶನಿವಾರ ಬಂದವರನ್ನೆಲ್ಲ ಹತ್ತಿಸಿಕೊಂಡು ಬಡಾವಣೆಗಳ ಕೂಟಗಳನ್ನು ತೋರಿಸುತ್ತದೆ. ಹಿಡಿಸಿದ ಕಡೆ ಸೇರಿಕೊಳ್ಳಬಹುದು. ಅತ್ತಿಗೆಯನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

"ಒಂದೇ ದಿನ ಬರ್ತೀನಿ. ಹಿಡಿಸ್ಲಿಲ್ಲ ಅಂದ್ರೆ ಇನ್ನು ಯಾವತ್ತೂ ನನ್ನ ಹೊರಡಿಸಬಾರ್ದು. ಮಾತು ಕೊಡು."

ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಬಸ್ಸಿನ ಒಂದು ಪಕ್ಕ ಹಳದಿ, ಇನ್ನೊಂದು ನೀಲಿ, ಹಿಂಭಾಗ ಕೆಂಪು, ಒಳಗೆ ಸೀಟಿಗೊಂದು ಬಣ್ಣ. "ಎಲ್ಲೆಲ್ಲಿ ಉಳಿದಿದ್ದ ಬಣ್ಣಾನೋ ತಂದು ಬಳಿದಿದ್ದಾರೆ" ಎನ್ನುತ್ತ ಅತ್ತಿಗೆ ಹತ್ತಿದಳು. ಇದ್ದದ್ದು ಒಂಬತ್ತೇ ಜನವಾದರೂ ಡ್ರೈವರಮ್ಮ ಮೈಕು ಹಿಡಿದೇ ಸ್ವಾಗತ ಹೇಳಿದಳು.

ಮೊದಲು ಶಾಲೆಯ ಹಾಲಿನಲ್ಲಿ ಹಾಡುವವರ ಕೂಟ. ಹನ್ನೊಂದು ಜನ, ಹನ್ನೊಂದು ದಾರಿ. "ಮುಗಿಸಿದ್ದು ಮಾತ್ರ ಚೆನ್ನಾಗಿತ್ತು" ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಉಸುರಿದಳು. ಎರಡನೆಯದು ಗಿಡ ಬದಲಾಯಿಸಿಕೊಳ್ಳುವವರದು. ಅಲ್ಲೊಬ್ಬ ಅಜ್ಜ ಪ್ರೀತಿಯಿಂದ ಕೊಟ್ಟ ಗಿಡದ ಡಬ್ಬಿಯನ್ನು ತೆಗೆದುಕೊಂಡು ನನ್ನ ಕೈಗೆ ದಾಟಿಸಿದಳು. ಊಟದ ಹೊತ್ತಿಗೆ ನಾನು ಕೊಟ್ಟ ಮಾತನ್ನೇ ನೆನೆಯುತ್ತಿದ್ದೆ. ಉಳಿದದ್ದು ಒಂದೇ ಕೂಟ.

ಅದಿದ್ದದ್ದು ಅಗ್ನಿಶಾಮಕ ಠಾಣೆಯ ಮಹಡಿ ಕೋಣೆಯಲ್ಲಿ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಗಟ್ಟಿಯಾಗಿ ಪೇಪರ್ ಓದುವುದು, ಉಳಿದವರು ಜಗಳಾಡುವುದು; ಪ್ರತಿ ಶನಿವಾರ ಇಷ್ಟೇ ಕಾರ್ಯಕ್ರಮ. ಪಶ್ಚಿಮದ ಎರಡು ಕಿಟಕಿಗಳ ಪರದೆಯೂ ಮೇಲಂಚು ಬಿಚ್ಚಿ ಜೋತುಬಿದ್ದಿತ್ತು. ಬಿಸಿಲು ಕಣ್ಣಿಗೆ ಹೊಡೆದು ಪೋಸ್ಟ್‌ಮ್ಯಾನ್ ಸಾಲು ಸಾಲನ್ನೇ ನುಂಗುತ್ತಿದ್ದರು. ಅತ್ತಿಗೆ ಎಷ್ಟು ಹೊತ್ತು ಸಹಿಸಿಯಾಳು? ಒಂದು ಪರದೆ ಇಳಿಸಿಕೊಂಡು, ಚೀಲದಿಂದ ಸೂಜಿ ತೆಗೆದು ಕೂತೇಬಿಟ್ಟಳು. ಕಾಲು ಗಂಟೆಯಲ್ಲಿ ಅದು ಮತ್ತೆ ಕಿಟಕಿಗೇರಿತು. ಎರಡನೆಯದನ್ನು ಮಡಿಲಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಪೇಟೆ ಬೀದಿಗೆ ಎರಡು ಹಂಪ್ ಹಾಕುವ ಸುದ್ದಿ ಬಂತು.

"ಎರಡ್ಯಾಕ್ರೀ? ಗಾಡಿಗಳು ಜೋರಾಗಿ ಬರೋದು ಬೇಕರಿ ತಿರುವಲ್ಲಿ. ಅಲ್ಲೊಂದು ಹಾಕಿದ್ರೆ ಸಾಕು" ಎಂದಳು ಅತ್ತಿಗೆ, ಸೂಜಿಯಿಂದ ಕಣ್ಣೆತ್ತದೆ.

"ನಿಮಗ್ಹೇಗಮ್ಮ ಗೊತ್ತು?" ಎಂದರು ಪೋಸ್ಟ್‌ಮ್ಯಾನ್. "ಆ ಬೀದೀಲಿ ಕಾಗದ ಹಂಚಿದೋನು ನಾನು."

"ನೀವು ದಿನಕ್ಕೊಂದ್ಸಲ ಹೋಗ್ತಿದ್ರಿ. ನಾನು ಮೂವತ್ತೊಂದು ವರ್ಷ ಆ ಬೀದಿಗೇ ಮುಖ ಮಾಡಿ ಕೂತಿದ್ದೆ."

ಎಲ್ಲರೂ ಒಟ್ಟಿಗೇ ಬಾಯಿ ತೆರೆದರು. ಅತ್ತಿಗೆ ಅಷ್ಟೂ ಜನಕ್ಕೆ ಉತ್ತರ ಕೊಟ್ಟಳು, ಕೈ ನಿಲ್ಲಿಸದೆ. ಒಂದು ವರ್ಷದ ಮಾತೆಲ್ಲ ಅಲ್ಲೇ ಖರ್ಚಾದಂತೆ ಕಂಡಿತು. ನಾನು ಗಿಡದ ಡಬ್ಬಿ ತಬ್ಬಿಕೊಂಡು ಕೂತು ಕೇಳಿದೆ.

ಕೆಳಗೆ ಹಾರ್ನ್ ಆಯಿತು. "ಇನ್ನು ಹತ್ತೇ ನಿಮಿಷ!" ಎಂದು ಮೈಕು ಕೂಗಿತು. ಪರದೆಯಲ್ಲಿ ಉಳಿದದ್ದು ಗೇಣುದ್ದ. ಅತ್ತಿಗೆಗೆ ಅದು ಎರಡು ನಿಮಿಷದ ಕೆಲಸ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಪರದೆ ಮಡಚಿ ಕುರ್ಚಿಯ ಮೇಲಿಟ್ಟು ಎದ್ದಳು.

"ಮುಗಿಸಿಬಿಡು ಅತ್ತಿಗೆ, ಟೈಮಿದೆ."

"ಬೆಳಕು ಸಾಲ್ದು" ಎಂದಳು. ಪರದೆಯಿಲ್ಲದ ಕಿಟಕಿಯಿಂದ ನಾಲ್ಕು ಗಂಟೆಯ ಬಿಸಿಲು ಅವಳ ಮುಖಕ್ಕೇ ಬೀಳುತ್ತಿತ್ತು.

ಬಸ್ಸು ಹೊರಟು ಎಷ್ಟೋ ಹೊತ್ತಾದ ಮೇಲೆ, ಕಿಟಕಿಯಾಚೆ ನೋಡುತ್ತ ಹೇಳಿದಳು, "ಮುಂದಿನ ಶನಿವಾರ ಹೋಗಿ ಮುಗಿಸ್ಬೇಕು. ಸೂಜಿ ಬೇರೆ ಅಲ್ಲೇ ಇದೆ."

"ಮುಂದಿನ ವಾರ ಈ ಬಸ್ಸಿರಲ್ವಲ್ಲ?"

"ನನಗೆ ಕಾಲಿಲ್ವಾ?"

ಗೆದ್ದೆ ಎಂದು ಕುಣಿಯುವಷ್ಟು ಖುಷಿಯಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೂತೆ.

ಮನೆಯಲ್ಲಿ ಅಣ್ಣ ಬಾಗಿಲು ತೆರೆದು ನನ್ನ ಮುಖ ನೋಡಿದ. ನಾನು ಉತ್ತರ ಕೊಡುವ ಮೊದಲೇ ಅತ್ತಿಗೆ, ಚಪ್ಪಲಿ ಸಹ ಬಿಡದೆ, ಹಂಪ್ ಎಲ್ಲಿ ಬರಬೇಕೆಂದು ಅವನಿಗೆ ವಿವರಿಸತೊಡಗಿದಳು. ಅಣ್ಣ ಬಾಗಿಲಿಗೆ ಅಡ್ಡ ನಿಂತೇ ಕೇಳಿದ. ನಮ್ಮನ್ನು ಒಳಗೆ ಕರೆಯುವುದು ಅವನಿಗೆ ಮರೆತೇಹೋಗಿತ್ತು.