ತಿರುವಿಲ್ಲದ ದಾರಿ

ನೇರ ರಸ್ತೆಗೆ ಹೆದರಿದವರು ಯಾರಾದರೂ ಇದ್ದೀರಾ ನಿಮ್ಮಲ್ಲಿ? ನಗಬೇಡಿ. ಘಾಟಿಗೆ ಹೆದರುವವರನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಬಯಲುಸೀಮೆಯ ನೆಂಟರು ಕೊಟ್ಟಿಗೆಹಾರ ದಾಟಿ ಕೆಳಗಿಳಿಯುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇರುವ ದೇವರನ್ನೆಲ್ಲ ಕರೆಯುತ್ತಾರೆ. ನಾನು ಅವರ ಕೈಗೆ ಒಂದು ನಿಂಬೆಹಣ್ಣು ಕೊಟ್ಟು ಒಳಗೊಳಗೇ ನಗುತ್ತಿದ್ದೆ. ಆ ನಗುವಿಗೆಲ್ಲ ಸೇರಿಸಿ ಒಂದು ದಿನ ನನ್ನ ಸರದಿ ಬಂತು.

ಬೆಂಗಳೂರಿನ ಏರ್‌ಪೋರ್ಟು ದೇವನಹಳ್ಳಿಯ ಕಡೆಗೆ ಹೋದ ಹೊಸತು. ಹಾಸನದಿಂದಾಚೆ ರಸ್ತೆಯನ್ನು ಅಗಲ ಮಾಡುತ್ತಾ, ಮುಗಿದಷ್ಟನ್ನು ತುಂಡು ತುಂಡಾಗಿ ತೆರೆಯುತ್ತಿದ್ದ ಕಾಲ. ನಮ್ಮ ಒಬ್ಬಳೇ ಮಗಳನ್ನು ಅಸ್ಸಾಮಿನ ಟೀ ತೋಟದ ಮ್ಯಾನೇಜರಿಗೆ ಕೊಟ್ಟಿದ್ದೆವು. ಹುಡುಗ ಆಲ್ದೂರಿನ ಕಡೆಯವನೇ. ಕಾಫಿ ಬಿಟ್ಟು ಟೀಗೆ ಹೋದ ಎನ್ನುವುದೊಂದೇ ಅವನ ಮೇಲೆ ನಮಗಿದ್ದ ದೂರು. ಮಗಳು ಚೊಚ್ಚಲ ಬಸುರಿ. ಕಾಫಿ ಕೊಯ್ಲು ಮುಗಿದ ಮೇಲೆ ತವರಿಗೆ ಕರೆತರುವುದೆಂದು ಮಾತಾಗಿತ್ತು. ಕೊಯ್ಲು ಮುಗಿಯುವಷ್ಟರಲ್ಲಿ ಅವಳಿಗೆ ಬಿ.ಪಿ. ಏರಿ, ಮುಖ ಕೈಕಾಲು ಊದಿ, ಗುವಾಹಟಿಯ ಆಸ್ಪತ್ರೆಗೆ ಸೇರಿಸಿದರು.

ಸೋಮವಾರ ಅಳಿಯನ ಫೋನು ಬಂತು. "ಗುರುವಾರ ಬೆಳಿಗ್ಗೆ ಆಪರೇಷನ್ ಮಾಡಿ ಮಗು ತೆಗೀತಾರಂತೆ ಅತ್ತೆ. ಅಮ್ಮ ಬರ್ದೆ ನಾನು ಒಳಗೆ ಹೋಗಲ್ಲ ಅಂತ ಕೂತಿದಾಳೆ ಇವಳು. ಬುಧವಾರ ಮಧ್ಯಾಹ್ನದ ಫ್ಲೈಟಲ್ಲಿ ಒಂದೇ ಒಂದು ಸೀಟು ಸಿಕ್ತು. ಅದು ತಪ್ಪಿದ್ರೆ ಬೇರೆ ಇಲ್ಲ."

ನಾನು ವಿಮಾನ ನೋಡಿದ್ದು ಅಂಗಳದಲ್ಲಿ ಕಾಫಿ ಒಣಗಿಸುವಾಗ ತಲೆ ಎತ್ತಿದರೆ ಮಾತ್ರ. ಆದರೂ ಬಾಣಂತಿ ಖಾರ, ತುಪ್ಪ, ಹಳೇ ಪಂಚೆ ಎಲ್ಲ ಕಟ್ಟಿದೆ. ಪೇಟೆಯಿಂದ ಒಬ್ಬ ಡ್ರೈವರನ್ನು ಕರೆಸೋಣ ಎಂದರೆ ನಮ್ಮ ಯಜಮಾನರಿಗೆ ಅವಮಾನವಾಯಿತು.

"ಮಂಜಲ್ಲಿ ಚಾರ್ಮಾಡಿ ಇಳಿಸ್ದೋನು ನಾನು. ಆ ಮೇಜಿನಂಥ ಚಪ್ಪಟೆ ರಸ್ತೆಗೆ ಡ್ರೈವರ್ ಎಂತಕ್ಕೆ ಮಾರಾಯ್ತಿ?"

ಅದು ಸುಳ್ಳಲ್ಲ. ಮುಂದಿನ ಬಾನೆಟ್ಟೂ ಕಾಣದ ಮಂಜಿನಲ್ಲಿ, ತಿರುವುಗಳನ್ನು ಮನಸ್ಸಿನಲ್ಲೇ ಎಣಿಸಿಕೊಂಡು ಜೀಪು ಇಳಿಸುತ್ತಿದ್ದ ಮನುಷ್ಯ. ಪಕ್ಕದಲ್ಲಿ ನಾನು ಹಾಯಾಗಿ ಕಡಲೆಕಾಯಿ ಸುಲಿಯುತ್ತಿದ್ದೆ.

ಬುಧವಾರ ಬೆಳಗಿನ ಜಾವ ಗೋಣಿಬೀಡು ದಾಟುವಾಗ ಕಾಫಿ ಹೂವಿನ ವಾಸನೆ ಕಾರಿನೊಳಗೆಲ್ಲ ತುಂಬಿತ್ತು. ಹೊಸದಾಗಿ ತೆಗೆದುಕೊಂಡಿದ್ದ ಕಾರು ಅದು. ಜೀಪಿನ ಹಾಗೆ ಗಡಗಡ ಇಲ್ಲ. ಬೇಲೂರಿನವರೆಗೆ ಬಳಸು ದಾರಿ. ಇವರು ಪ್ರತಿ ತಿರುವಿಗೂ ಹಾರ್ನ್ ಹೊಡೆಯುತ್ತಾ, ಗೇರು ಬದಲಿಸುತ್ತಾ, ಎದುರಿಗೆ ಬಂದ ಬಸ್ಸಿನವನನ್ನು ಬೈಯುತ್ತಾ ಚೆನ್ನಾಗಿಯೇ ಇದ್ದರು. ಹಾಸನದಲ್ಲಿ ಇಡ್ಲಿ ತಿಂದೆವು. ಆಮೇಲೆ ಆ ಹೊಸ ರಸ್ತೆ ಸಿಕ್ಕಿತು.

ಏನೆಂದು ಹೇಳಲಿ! ಮರವಿಲ್ಲ, ಏರಿಲ್ಲ, ತಗ್ಗಿಲ್ಲ. ಮಧ್ಯೆ ಗಿಡ ನೆಡಲು ತೆಗೆದ ಮಣ್ಣು, ಆಚೆ ಒಂದು ರಸ್ತೆ, ಈಚೆ ಒಂದು ರಸ್ತೆ. ಕಣ್ಣು ಹೋದಷ್ಟು ದೂರ ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಗೆರೆ. ನಮ್ಮ ರಸ್ತೆಯಲ್ಲೇ ಎದುರಿನಿಂದ ಒಂದು ಟ್ರ್ಯಾಕ್ಟರು ಹುಲ್ಲು ಹೇರಿಕೊಂಡು ಬಂದಾಗ ಇವರು ಒಂದು ಸಲ ಬೈದು ಪಕ್ಕಕ್ಕೆ ಎಳೆದರು. ಅದು ದಾಟಿದ ಮೇಲೆ ಮತ್ತೆ ಅದೇ ಗೆರೆ. ಎದುರಿಗೆ ಬಿಸಿಲು. ಕಾರು ತೊಟ್ಟಿಲಿನ ಹಾಗೆ ಸುಂಯ್ ಎಂದು ಹೋಗುತ್ತಿತ್ತು.

ಇದ್ದಕ್ಕಿದ್ದಂತೆ ಎಡಗಡೆಯ ಚಕ್ರ ಜಲ್ಲಿಗೆ ಇಳಿದು ಕರಕರ ಎಂದಿತು. ತಿರುಗಿ ನೋಡಿದರೆ ಯಜಮಾನರ ಗಲ್ಲ ಎದೆಗೆ ತಾಗಿದೆ. "ರೀ!" ಎಂದು ಕಿರುಚಿದೆ. ಕಾರು ಒಮ್ಮೆ ಹೊಯ್ದಾಡಿ ರಸ್ತೆಗೆ ಬಂತು.

"ಎಂತ ಕೂಗ್ತೀ? ಕನ್ನಡಿ ನೋಡ್ತಿದ್ದೆ."

"ಕನ್ನಡಿ ನಿಮ್ಮ ತೊಡೆ ಮೇಲಿದ್ಯಾ?"

ಕಾರು ನಿಲ್ಲಿಸಲು ಹೇಳಿ, ಬಾಟಲಿಯ ನೀರನ್ನು ಅವರ ಮುಖಕ್ಕೆ ಹಾಕಿಸಿದೆ. ಸ್ವಲ್ಪ ಮಲಗಿ ಎಂದರೆ ಗಡಿಯಾರ ತೋರಿಸಿದರು. ಹೌದು, ಮಲಗಿದರೆ ವಿಮಾನ ಹೋಗುತ್ತದೆ. ಮಲಗದಿದ್ದರೆ ನಾವೇ ಹೋಗುತ್ತೇವೆ. ನನಗೆ ಕಾರು ಬಿಡಲು ಬರುವುದಿಲ್ಲ. ಮತ್ತೆ ಹೊರಟೆವು.

ಘಾಟಿಯಲ್ಲಿ ಈ ಮನುಷ್ಯನನ್ನು ಎಚ್ಚರ ಇಟ್ಟದ್ದು ತಿರುವುಗಳೇ ಎಂದು ಆಗ ಅರ್ಥವಾಯಿತು. ಇಲ್ಲಿ ಕೈಗೆ ಕೆಲಸವಿಲ್ಲ, ಕಾಲಿಗೆ ಕೆಲಸವಿಲ್ಲ. ಏಲಕ್ಕಿ ಕೊಟ್ಟೆ, ಜಗಿದರು. ಜಗಿಯುವ ಬಾಯಿ ಮೆಲ್ಲಗೆ ನಿಂತಿತು. ಭಜನೆ ಹೇಳಿದೆ. ಅದು ಇನ್ನೂ ಕೆಟ್ಟದ್ದಾಯಿತು. ಎರಡನೇ ನುಡಿಗೇ ಆಕಳಿಕೆ. ನಮ್ಮನ್ನು ದಾಟಿಹೋಗುವ ಪ್ರತಿ ಲಾರಿಯ ಗಾಳಿಗೂ ಕಾರು ಅಲುಗುತ್ತಿತ್ತು. ನಾನು ರಸ್ತೆ ನೋಡುವುದನ್ನು ಬಿಟ್ಟು ಅವರ ಕಣ್ಣಿನ ರೆಪ್ಪೆಯನ್ನೇ ನೋಡುತ್ತಾ ಕೂತೆ. ಅಲ್ಲಿ ಮಗಳು ಬಾಗಿಲು ನೋಡುತ್ತಾ ಮಲಗಿದ್ದಾಳೆ, ಇಲ್ಲಿ ಅಪ್ಪ ಅಮ್ಮ ಇಬ್ಬರೂ ಮೋರಿಯಲ್ಲಿ ಸಿಕ್ಕರೆ?

ಆಗ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷದ ಸಂಸಾರದಲ್ಲಿ ಜಗಳದ ಮಧ್ಯೆ ಇವರು ನಿದ್ದೆ ಮಾಡಿದ್ದನ್ನು ನಾನು ಕಂಡಿಲ್ಲ.

"ನನ್ನ ತಂಗಿ ಮದುವೆಗೆ ನೀವು ಬರದೇ ಇದ್ದಿದ್ದು ಪಂಪ್ ಕೆಟ್ಟಿದ್ದಕ್ಕಲ್ಲ" ಎಂದೆ.

ರೆಪ್ಪೆ ಒಂದಿಷ್ಟು ಮೇಲಕ್ಕೆದ್ದಿತು. "ಎಂತದ್ದು?"

"ಪಂಪ್ ಚೆನ್ನಾಗೇ ಇತ್ತಂತೆ. ನಮ್ಮ ಅಣ್ಣನ ಮುಖ ನೋಡ್ಬೇಕಾಗುತ್ತೆ ಅಂತ ಬರ್ಲಿಲ್ಲ ನೀವು. ತೋಟದ ರೈಟರೇ ಹೇಳಿದ್ರು."

ರೈಟರು ಪಾಪ, ತೋಟದ ಲೆಕ್ಕ ಬಿಟ್ಟು ಬೇರೆ ಏನನ್ನೂ ನನಗೆ ಹೇಳಿದವರಲ್ಲ.

"ಅವ್ನು ಯಾವತ್ತು ಹೇಳ್ದ? ಮಳೆ ಬರ್ದೆ ಹೂವೆಲ್ಲ ಸುಟ್ಟು ಹೋಗ್ತಿತ್ತು! ಸ್ಪ್ರಿಂಕ್ಲರ್ ನಿಲ್ಸಿ ನಿಮ್ಮನೆ ಹೋಳಿಗೆ ತಿನ್ಬೇಕಿತ್ತಾ ನಾನು?"

"ನಮ್ಮನೆ ಹೋಳಿಗೆ ಅಂದ್ರೆ ನಿಮಗೆ ಯಾವಾಗ್ಲೂ ತಾತ್ಸಾರ. ನಿಮ್ಮಮ್ಮನ ಹೋಳಿಗೆ ಬಾಗಿಲಿಗೆ ಬಡಿದ್ರೂ ಮುರೀತಿರ್ಲಿಲ್ಲ."

"ಸತ್ತೋರ ಸುದ್ದಿ ಎಂತಕ್ಕೆ?"

ಬೆನ್ನು ನೆಟ್ಟಗಾಯಿತು. ಕೈಗಳು ಸ್ಟಿಯರಿಂಗನ್ನು ಸರಿಯಾಗಿ ಹಿಡಿದವು. ನಾನು ಒಳಗೇ ದೇವರಿಗೆ ಕೈ ಮುಗಿದು, ಹೊರಗೆ ಇನ್ನೊಂದು ಹಳೇ ಜಗಳ ಎಳೆದೆ. ಕುಣಿಗಲ್‌ವರೆಗೆ ಅವರ ತಮ್ಮಂದಿರನ್ನು, ಅವರ ಇಸ್ಪೀಟನ್ನು, ನನ್ನನ್ನು ನೋಡಲು ಬಂದ ದಿನ ಹಾಕಿಕೊಂಡಿದ್ದ ಹಳದಿ ಪ್ಯಾಂಟನ್ನು, ಯಾವುದನ್ನೂ ಬಿಡಲಿಲ್ಲ.

ಆದರೆ ಜಗಳಕ್ಕೂ ಸರಕು ಬೇಕಲ್ಲ. ನೆಲಮಂಗಲ ಹತ್ತಿರವಾಗುವಾಗ ಅವರು ಸಿಟ್ಟಿನಿಂದ ಬಾಯಿ ಮುಚ್ಚಿದರು. ಮೌನವಾದದ್ದೇ ತಡ, ಗಲ್ಲ ಮತ್ತೆ ಕೆಳಗೆ. ಮುಂದೆ ಕಬ್ಬಿಣದ ಸರಳು ಹೇರಿದ ಲಾರಿ, ಸರಳುಗಳ ತುದಿಗಳು ನಮ್ಮ ಕಡೆಗೇ ಚಾಚಿಕೊಂಡಿವೆ. ನನ್ನ ಹತ್ತಿರ ಉಳಿದದ್ದು ಒಂದೇ ಮಾತು. ಸೋಮವಾರದಿಂದ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದೆ. ಅದು ತಮಾಷೆಯದಲ್ಲ.

"ಏಳನೇ ತಿಂಗಳಲ್ಲೇ ಮಗಳನ್ನ ಕರ್ಕೊಂಡು ಬರೋಣ ಅಂದೆ. ತಡೆದಿದ್ದು ನೀವು."

ಬ್ರೇಕು ಬಿತ್ತು. ಲಾರಿ ಮುಂದೆ ಹೋಯಿತು.

"ಕೊಯ್ಲು ಮುಗೀಲಿ ಅಂದಿದ್ದೆ ಅಷ್ಟೆ" ಎಂದರು. "ನಂಗೆ ಗೊತ್ತಿಲ್ವಾ ಅದು? ಸೋಮವಾರದಿಂದ ಕಣ್ಣು ಮುಚ್ಚಿಲ್ಲ ನಾನು. ನೀನು ಪಕ್ಕದಲ್ಲಿ ಗೊರಕೆ ಹೊಡೀತಿದ್ದೆ, ನಿಂಗೇನು ಗೊತ್ತಾಗುತ್ತೆ?"

ಅಯ್ಯೋ, ಈ ನಿದ್ದೆ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಅವರ ತೋಳು ಮುಟ್ಟಬೇಕು ಎನಿಸಿತು. ಮುಟ್ಟಿದರೆ ಎಲ್ಲಿ ಮೆತ್ತಗಾಗಿ ಮಲಗಿಬಿಡುತ್ತಾರೋ ಎಂದು ಹೆದರಿ, "ನಾನೆಲ್ಲಿ ಗೊರಕೆ ಹೊಡೆದೆ? ನಾನೂ ಎಚ್ಚರ ಇದ್ದೆ!" ಎಂದು ರೇಗಿದೆ.

"ಎಚ್ಚರ ಇದ್ದೋರು ಹಂಗೆ ಸದ್ದು ಮಾಡ್ತಾರಾ?"

ಆ ಗೊರಕೆಯ ಮೇಲೆ ನಾವು ದೇವನಹಳ್ಳಿಯ ಕಡೆ ತಲುಪಿದೆವು. ಏರ್‌ಪೋರ್ಟಿಗೆ ತಿರುಗುವಲ್ಲಿ ಹೊಸ ರಸ್ತೆ ದುಂಡಗೆ ಸುತ್ತಿಕೊಂಡು ಮೇಲೇರುತ್ತದೆ. ಅಷ್ಟು ದೂರದಲ್ಲಿ ಸಿಕ್ಕಿದ ಮೊದಲನೇ ತಿರುವು! ಯಜಮಾನರ ಮುಖ ಅರಳಿತು. ಗೇರು ಇಳಿಸಿದರು, ಘಾಟಿಯಲ್ಲಿ ಹೊಡೆಯುವ ಹಾಗೆ ಉದ್ದಕ್ಕೆ ಹಾರ್ನ್ ಹೊಡೆದರು. ಪಕ್ಕದ ಟ್ಯಾಕ್ಸಿಯವನು ನಮ್ಮನ್ನು ಹುಚ್ಚರ ಹಾಗೆ ನೋಡಿದ.

ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ ಹೋಗಲು ಬಿಡುವುದು. ಬಾಗಿಲಲ್ಲಿ ನನ್ನ ಗಂಟು ಕೈಗೆ ಕೊಟ್ಟು ಅವರು ನಿಂತರು. ಆಗ ನನಗೆ ಹೊಳೆದದ್ದು: ಇದೇ ರಸ್ತೆಯಲ್ಲಿ ಈ ಮನುಷ್ಯ ವಾಪಸ್ಸು ಹೋಗಬೇಕು. ಒಬ್ಬರೇ.

"ಕಾರಲ್ಲಿ ಮಲಗಿ ಎದ್ದು ಹೋಗಿ" ಎಂದೆ.

"ಇಲ್ಲಿ ನಿಲ್ಸೋಕೆ ಬಿಡಲ್ಲ. ನೀನು ನಡಿ, ಹೊತ್ತಾಯ್ತು."

ವಿಮಾನ ಮೇಲೇಳುವಾಗ ಪಕ್ಕದ ಸೀಟಿನ ಹೆಂಗಸು ನನ್ನ ಕೈ ಹಿಡಿದು "ಹೆದರ್ಬೇಡಿ ಅಮ್ಮ, ಏನೂ ಆಗಲ್ಲ" ಎಂದಳು. ನಾನು ಮೋಡವನ್ನೂ ನೋಡಲಿಲ್ಲ, ಏನನ್ನೂ ನೋಡಲಿಲ್ಲ. ಕಣ್ಣು ಮುಚ್ಚಿದರೆ ಬಿಳಿ ಗೆರೆ, ಕಬ್ಬಿಣದ ಸರಳು.

ಸಂಜೆ ಆಸ್ಪತ್ರೆ ತಲುಪಿದೆ. ಮಗಳು ಊದಿದ ಬೆರಳುಗಳಲ್ಲಿ ನನ್ನ ಕೈ ಹಿಡಿದು ಒಂದು ಉಸಿರು ಬಿಟ್ಟಳು. ಮರುದಿನ ಅವಳ ಹೊಟ್ಟೆಯಿಂದ ಬಂದವಳೇ ಈಗ ನನಗೆ ಈ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ, ತಪ್ಪಿದಾಗಲೆಲ್ಲ ತಲೆ ಚಚ್ಚಿಕೊಳ್ಳುವ ಮೊಮ್ಮಗಳು. ಆದರೆ ಆ ಸಂಜೆ ಅದೆಲ್ಲ ನನಗೆ ಗೊತ್ತಿರಲಿಲ್ಲ. ಅಳಿಯನ ಮೊಬೈಲಿನಿಂದ ಮನೆಗೆ ಫೋನು ಹಚ್ಚಿಸಿದೆ. ಉದ್ದಕ್ಕೆ ರಿಂಗ್ ಆಗಿ ನಿಂತಿತು. ಮತ್ತೆ ಹಚ್ಚಿಸಿದೆ. ನಿಂತಿತು.

"ಅಪ್ಪ ಎತ್ತಲ್ವಾ?" ಎಂದಳು ಮಗಳು. ಅವಳ ಬಿ.ಪಿ. ಏರಿದರೆ ಕಷ್ಟ ಎಂದು ನರ್ಸು ಆಗ ತಾನೇ ಹೇಳಿ ಹೋಗಿದ್ದಳು.

"ಬಚ್ಚಲಲ್ಲಿ ಇರ್ಬೇಕು" ಎಂದು ನಕ್ಕೆ. ಮೂರನೇ ಸಲ ನಾನೇ ಕಿವಿಗಿಟ್ಟುಕೊಂಡು ಕಿಟಕಿಯ ಹತ್ತಿರ ಹೋದೆ.

"ಹಲೋ" ಎಂದರು ಯಜಮಾನರು.

ಗೋಡೆಗೆ ಒರಗಿದೆ. ಬಾಯಿಂದ ಹೊರಟದ್ದು ಮಾತ್ರ, "ದಾರೀಲಿ ನಿದ್ದೆ ಬಂತೇನ್ರೀ?"

"ನಿದ್ದೆ ಎಲ್ಲಿಂದ ಬರ್ಬೇಕು ಮಾರಾಯ್ತಿ? ನೀನು ಹೇಳಿದ್ದಕ್ಕೆಲ್ಲ ಒಂದೊಂದಾಗಿ ಉತ್ರ ಕೊಟ್ಕೊಂಡು ಬಂದೆ. ಬೇಲೂರು ದಾಟಿದ್ರೂ ಮುಗೀಲಿಲ್ಲ. ಈಗ ಗೇಟಲ್ಲಿ ಕಾರು ನಿಲ್ಸಿ ಕೂತು, ಆ ಹಳದಿ ಪ್ಯಾಂಟಿನ ವಿಷ್ಯ ಮುಗಿಸ್ತಿದ್ದೆ. ಅಷ್ಟ್ರಲ್ಲಿ ಒಳಗೆ ನಿನ್ನ ಫೋನು ಬಡ್ಕೊಳ್ತು, ಓಡಿ ಬಂದೆ!"